ಒಂದೇ ಕೆಲಸ, ಆದರೆ ಪೂರ್ತಿ: ತಗಡೂರು ಸೀಮೆಯ ಅಪ್ಪಂದಿರಿಗೆ ಒಂದು ಬಹಿರಂಗ ಪತ್ರ



ಈ ಪತ್ರ ಮೊಮ್ಮಕ್ಕಳನ್ನು ಕಂಡವರಿಗಲ್ಲ, ಇನ್ನೂ ಹೆಣ್ಣು ನೋಡುತ್ತಿರುವ ಹುಡುಗರಿಗೂ ಅಲ್ಲ. ಅಂಗನವಾಡಿಗೋ ಸ್ಕೂಲಿಗೋ ಹೋಗುವ ಮಕ್ಕಳಿರುವ ಗಂಡಸರಿಗೆ. ನಂಜನಗೂಡಿನ ಫ್ಯಾಕ್ಟರಿಗಳಿಗೆ ಶಿಫ್ಟಿನ ಮೇಲೆ ಹೋಗುವವರು, ನಾಲೆ ನೀರು ನಂಬಿ ಭತ್ತ ಹಾಕುವವರು, ಕಬ್ಬು ಬೆಳೆದು ಕಾರ್ಖಾನೆಯ ಪರ್ಮಿಟ್ಟಿಗೆ ಕಾಯುವವರು, ಟಿ. ನರಸೀಪುರದ ಕಡೆ ಆಟೊ ಓಡಿಸುವವರು, ಮೇಷ್ಟ್ರುಗಳು, ಎಲ್ಲರೂ ಇದರಲ್ಲಿ ಬಂದಿರಿ. ಬರೆಯುತ್ತಿರುವವನೂ ಒಬ್ಬ ಅಪ್ಪನೇ. ಮೊದಲು ಒಂದು ಮಾತು ಒಪ್ಪಿಕೊಳ್ಳೋಣ: ನಮ್ಮ ತಲೆಮಾರು ಬದಲಾಗಿದೆ. ಅಪ್ಪ ಜಗಲಿಗೆ ಬಂದರೆ ಮಕ್ಕಳು ಹಿತ್ತಿಲಿಗೆ ಓಡುತ್ತಿದ್ದ ಕಾಲ ಹೋಯಿತು. ಈಗಿನ ಅಪ್ಪ ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಾನೆ, ಮಗನ ಹುಟ್ಟುಹಬ್ಬಕ್ಕೆ ಕೇಕು ತರುತ್ತಾನೆ, ಮಕ್ಕಳ ಫೋಟೊ ಸ್ಟೇಟಸ್ಸಿಗೆ ಹಾಕುತ್ತಾನೆ, ಹೆಂಡತಿಗೆ ಹುಷಾರಿಲ್ಲದ ದಿನ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬರುತ್ತಾನೆ. ಇದನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ಮುಟ್ಟಿ ಮಾತಾಡಿಸುವ ಅಪ್ಪ ಇರುವ ಮನೆಗೂ ಗದರುವ ಅಪ್ಪ ಇರುವ ಮನೆಗೂ ವ್ಯತ್ಯಾಸ ಎಷ್ಟೆಂದು ಆ ಮಕ್ಕಳನ್ನೇ ಕೇಳಬೇಕು. ಆದರೆ ಈ ಬದಲಾವಣೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಎಲ್ಲದರಲ್ಲೂ ಒಂದು ಗುಣ ಸಮಾನವಾಗಿದೆ. ಮನಸ್ಸಿದ್ದ ದಿನ ಮಾಡಬಹುದು, ಇಲ್ಲದ ದಿನ ಬಿಡಬಹುದು, ಬಿಟ್ಟರೆ ಆ ಕೆಲಸ ತಾನಾಗಿಯೇ ಇನ್ನೊಬ್ಬರ ತಲೆ ಮೇಲೆ ಹೋಗಿ ಕೂರುತ್ತದೆ. ಆ ಇನ್ನೊಬ್ಬರು ಯಾರು ಅಂತ ಹೇಳಬೇಕಿಲ್ಲ. ಅಪ್ಪನಾದವನು ತನ್ನಲ್ಲಿ ತಂದುಕೊಳ್ಳುವ ಸಣ್ಣ ಬದಲಾವಣೆ ಬೇರೆಯವರ ಕೈಗೆ ದಾಟಿಸಲಾಗದಂಥದಾದರೆ ಮಾತ್ರ ನಿಲ್ಲುತ್ತದೆ ಎಂಬುದು ನನ್ನ ವಾದ. ದಾಟಿಸಬಹುದಾದದ್ದು ಎಷ್ಟೇ ಪ್ರೀತಿಯಿಂದ ಶುರುವಾದರೂ ಆರು ತಿಂಗಳಿಗೆ ಹಳೆ ಜಾಗಕ್ಕೇ ಬಂದು ನಿಲ್ಲುತ್ತದೆ.

ಮೊದಲು ಲೆಕ್ಕ ನೋಡೋಣ. ಜನ ದಿನದ ಇಪ್ಪತ್ತನಾಲ್ಕು ಗಂಟೆ ಏನೇನು ಮಾಡುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆ ಸಮೀಕ್ಷೆ ನಡೆಸಿತು, 2024ರಲ್ಲಿ ಮತ್ತೆ ನಡೆಸಿತು. ಆರು ವರ್ಷ ಮೇಲ್ಪಟ್ಟ ಎಲ್ಲರೂ ಇದರಲ್ಲಿ ಸೇರುತ್ತಾರೆ. 2024ರ ಸಮೀಕ್ಷೆಯಲ್ಲಿ, ಕೂಲಿ ಸಿಗದ ಮನೆಗೆಲಸವನ್ನು ಆ ದಿನ ಒಂದಿಷ್ಟಾದರೂ ಮಾಡಿದ ಹೆಂಗಸರು ನೂರಕ್ಕೆ 81.5, ಗಂಡಸರು 27.1. ಮಾಡಿದವರು ಕೊಟ್ಟ ಸಮಯ, ಹೆಂಗಸರು 289 ನಿಮಿಷ, ಗಂಡಸರು 88 ನಿಮಿಷ. ಇಲ್ಲೊಂದು ಸೂಕ್ಷ್ಮ ಇದೆ. ಈ 88 ನಿಮಿಷ ಕೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ. ಕೈ ಹಾಕದೆ ಕೂತವರನ್ನೂ ಸೇರಿಸಿ ಭಾಗಿಸಿದರೆ ಗಂಡಸಿನ ಪಾಲಿಗೆ ದಿನಕ್ಕೆ ಸುಮಾರು 24 ನಿಮಿಷ ಬರುತ್ತದೆ, ಹೆಂಗಸಿನ ಪಾಲಿಗೆ ಸುಮಾರು 236. ಅಂದರೆ ಹತ್ತರಷ್ಟು. ಐದು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಮನೆಗೆಲಸ ಮಾಡಿದ ಗಂಡಸರು ನೂರಕ್ಕೆ 26.1 ಇದ್ದರು. ಐದು ವರ್ಷದಲ್ಲಿ, ಅದರಲ್ಲೂ ನಡುವೆ ಕೊರೊನಾ ಬಂದು ಎಲ್ಲರೂ ತಿಂಗಳುಗಟ್ಟಲೆ ಮನೆಯಲ್ಲೇ ಕೂತ ಮೇಲೂ, ಹೆಚ್ಚಾದದ್ದು ನೂರಕ್ಕೆ ಒಬ್ಬ. ಆ ಗಂಡಸರು ಕೊಡುತ್ತಿದ್ದ ಸಮಯವೋ 97 ನಿಮಿಷದಿಂದ 88ಕ್ಕೆ ಇಳಿದಿದೆ. ಹೆಂಗಸರ ಸಮಯವೂ 299ರಿಂದ 289ಕ್ಕೆ, ಹತ್ತು ನಿಮಿಷದಷ್ಟು ಕಮ್ಮಿಯಾಗಿದೆ, ನಿಜ. ಆ ಹತ್ತು ನಿಮಿಷ ಉಳಿದದ್ದು ಗ್ಯಾಸಿನಿಂದಲೋ ಮಿಕ್ಸಿಯಿಂದಲೋ ಮನೆ ಮುಂದೆ ಬಂದ ನಲ್ಲಿಯಿಂದಲೋ ಇರಬೇಕು. ನಮ್ಮಿಂದಂತೂ ಅಲ್ಲ, ನಮ್ಮ ನಿಮಿಷವೂ ಇಳಿದಿದೆಯಲ್ಲ! ಇದು ಇಡೀ ದೇಶದ ಲೆಕ್ಕ, ತಗಡೂರಿನ ಲೆಕ್ಕವಲ್ಲ ಎಂದು ನೀವು ಹೇಳಬಹುದು. ಸರಿ, ನಮ್ಮೂರು ಇದಕ್ಕಿಂತ ಮೇಲು ಅಂತ ಸಂಜೆ ಏಳು ಗಂಟೆಗೆ ಯಾವ ಬೀದಿಯಲ್ಲಿ ನಿಂತು ಹೇಳುತ್ತೀರಿ? ಅರಳಿಕಟ್ಟೆ ಮೇಲೂ ಟೀ ಅಂಗಡಿ ಮುಂದೂ ಆ ಹೊತ್ತಿನಲ್ಲಿ ಯಾರಿದ್ದಾರೆ, ಒಲೆ ಮುಂದೆ ಯಾರಿದ್ದಾರೆ ಅಂತ ಗೊತ್ತಿರುವ ವಿಷಯವೇ.

ನಿಮಿಷದ ಲೆಕ್ಕಕ್ಕೆ ಸಿಗದ ಇನ್ನೊಂದು ಭಾಗವಿದೆ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಕೆಲಸ ಮಾಡುವುದು ಬೇರೆ, ಕೆಲಸವನ್ನು ನೆನಪಿನಲ್ಲಿ ಇಟ್ಟುಕೊಂಡು ತಿರುಗುವುದು ಬೇರೆ. ನಮ್ಮ ಕಡೆಯ ಯಾವುದೇ ಮನೆಯ ಬೆಳಗ್ಗೆ ಐದೂವರೆಯಿಂದ ಎಂಟೂವರೆಯವರೆಗಿನ ಹೊತ್ತನ್ನು ತೆಗೆದುಕೊಳ್ಳಿ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು, ನಲ್ಲಿ ಬಿಡುವ ಹೊತ್ತಿಗೆ ಡ್ರಮ್ಮು ಬಿಂದಿಗೆ ಸಾಲಾಗಿಡಬೇಕು, ಹಸು ಇದ್ದರೆ ಹಾಲು ಕರೆದು ಡೈರಿಗೆ ಕಳಿಸಬೇಕು, ಎಸರು ಕುದಿಯುತ್ತಿದ್ದಂತೆ ಹಿಟ್ಟು ಹಾಕಿ ಮುದ್ದೆ ತಿರುವಬೇಕು, ಮಗನ ಡಬ್ಬಿಗೆ ಚಿತ್ರಾನ್ನ, ಮಾವನಿಗೆ ಸಕ್ಕರೆ ಕಾಯಿಲೆ ಮಾತ್ರೆ. ಇದಿಷ್ಟು ಕೈಗಳ ಕೆಲಸ. ಅದೇ ಹೊತ್ತಿನಲ್ಲಿ ತಲೆಯೊಳಗೆ ಓಡುತ್ತಿರುವ ಪಟ್ಟಿಯೇ ಬೇರೆ. ಇವತ್ತು ಮಂಗಳವಾರವಾದರೆ ಸಂಘದ ಕಂತು ಕಟ್ಟಬೇಕು, ಸಣ್ಣದಕ್ಕೆ ಒಂಬತ್ತು ತಿಂಗಳ ಲಸಿಕೆ ಬಾಕಿ ಇದೆ, ತಾಯಿ ಕಾರ್ಡು ಬೀರುವಿನ ಯಾವ ಮೂಲೆಯಲ್ಲಿದೆ, ದೊಡ್ಡವಳಿಗೆ ನಾಳೆ ಸ್ಕೂಲಿನಲ್ಲಿ ಡ್ರಾಯಿಂಗ್ ಶೀಟು ಬೇಕು, ರೇಷನ್ ಕಾರ್ಡಿನ ಕೆವೈಸಿ ಆಗಿಲ್ಲ, ಗೃಹಲಕ್ಷ್ಮಿ ದುಡ್ಡು ಬಿತ್ತೋ ಇಲ್ಲವೋ, ನಾದಿನಿ ಮನೆ ಗೃಹಪ್ರವೇಶಕ್ಕೆ ಮುಯ್ಯಿ ಎಷ್ಟು. ಒಂದು ಪರೀಕ್ಷೆ ಮಾಡಿ ನೋಡಿ. ಮಕ್ಕಳ ತಾಯಿ ಕಾರ್ಡು ಮನೆಯಲ್ಲಿ ಎಲ್ಲಿದೆ, ಮಗಳ ಚಪ್ಪಲಿ ನಂಬರು ಎಷ್ಟು, ಮಗನಿಗೆ ಯಾವ ಮಾತ್ರೆ ಒಗ್ಗುವುದಿಲ್ಲ, ಇವು ಮೂರಕ್ಕೆ ಯಾರನ್ನೂ ಕೇಳದೆ ಉತ್ತರ ಹೇಳಬಲ್ಲಿರಾ? ಹೇಳಬಲ್ಲ ಅಪ್ಪಂದಿರು ಇಲ್ಲಿಗೇ ಪತ್ರ ಮಡಿಸಿಡಬಹುದು. 'ಏನು ಮಾಡ್ಬೇಕು ಹೇಳು, ಮಾಡ್ತೀನಿ' ಎನ್ನುವ ಗಂಡ ಒಳ್ಳೆಯವನೇ. ಆದರೆ ಆ ಮಾತಿನಲ್ಲಿ ಹೇಳುವ ಕೆಲಸ, ನೆನಪಿಡುವ ಕೆಲಸ, ಆಯಿತೋ ಇಲ್ಲವೋ ಎಂದು ಆಮೇಲೆ ನೋಡುವ ಕೆಲಸ ಮೂರೂ ಅವಳ ಹತ್ತಿರವೇ ಉಳಿದವು. ಇವನು ಮಾಡಿದ್ದು ಅಂಗಡಿಗೆ ಹೋಗಿ ಬಂದದ್ದು.

ದಾಟಿಸಬಹುದಾದ ಕೆಲಸ ನಿಲ್ಲುವುದಿಲ್ಲ ಎಂದೆ. ಇದಕ್ಕೆ ಸಾಕ್ಷಿ ನಮ್ಮ ನೆಲದ ಚರಿತ್ರೆಯಲ್ಲೇ ಇದೆ. ನಮ್ಮೂರಿನ ಹೆಸರು ಹೊತ್ತ ತಗಡೂರು ರಾಮಚಂದ್ರರಾಯರು ಖಾದಿ, ಅಸ್ಪೃಶ್ಯತಾ ನಿವಾರಣೆ ಅಂತ ಬದುಕು ಸವೆಸಿದವರು, 'ಮೈಸೂರು ಗಾಂಧಿ' ಎನಿಸಿಕೊಂಡವರು. ಪಕ್ಕದ ಬದನವಾಳಿನಲ್ಲಿ 1927ರಲ್ಲಿ ಖಾದಿ ಕೇಂದ್ರ ಶುರುವಾಯಿತು. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದ ನಡುವೆ ಈ ಸೀಮೆಗೆ ಬಂದಿದ್ದರು. ಇವನ್ನೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆಗಸ್ಟ್ ಹದಿನೈದಕ್ಕೆ ಭಾಷಣವನ್ನೂ ಮಾಡುತ್ತೇವೆ. ಆದರೆ ಆ ಚಳವಳಿಯೊಳಗೆ ಗಂಡಸರ ದಿನಚರಿಗೇ ಕೈ ಹಾಕಿದ ಒಂದು ಪ್ರಯೋಗ ನಡೆದಿತ್ತು, ಅದನ್ನು ಮಾತ್ರ ಮರೆತಿದ್ದೇವೆ. ನೂಲುವುದು ಮನೆಯೊಳಗಿನ ಹೆಂಗಸರ ಕೆಲಸವೆಂದೇ ಬಹುಮಟ್ಟಿಗೆ ನಡೆದುಬಂದಿತ್ತು. ಲಾಯರು, ಡಾಕ್ಟರು, ಮೇಷ್ಟ್ರು, ಜಮೀನ್ದಾರ ಯಾರೇ ಇರಲಿ ದಿನಾ ಕೂತು ನೂಲಬೇಕು ಎಂದು ಗಾಂಧೀಜಿ ಹಟ ಹಿಡಿದರು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ, ಅವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನದಲ್ಲಿ, ಪಕ್ಷದ ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ನೂಲನ್ನೇ ಚಂದಾ ಮಾಡಲಾಯಿತು. ತಿಂಗಳಿಗೆ 2000 ಗಜ, ವರ್ಷಕ್ಕೆ 24,000 ಗಜ. ದೊಡ್ಡ ದೊಡ್ಡವರೆಲ್ಲ ಚರಕದ ಮುಂದೆ ಕೂರಬೇಕಾಗಿ ಬಂದದ್ದು ಆಗಲೇ. ಆದರೆ ನಿಯಮ ಮಾಡುವಾಗಲೇ ಒಂದು ಕಿಂಡಿ ಬಿಟ್ಟಿದ್ದರು. ಕಾಯಿಲೆಯಾಗಿದ್ದರೆ, ಮನಸ್ಸಿಲ್ಲದಿದ್ದರೆ, ಅಂಥದೇ ಬೇರೆ ಕಾರಣವಿದ್ದರೆ, ಬೇರೆ ಯಾರಾದರೂ ನೂತ ಅಷ್ಟೇ ನೂಲನ್ನು ಕೊಟ್ಟರೂ ನಡೆಯುತ್ತದೆ. ಅಂದಮೇಲೆ ನೂಲು ಯಾರು ನೂತದ್ದಾದರೂ ಆಯಿತು, ಹೆಸರು ಮಾತ್ರ ಸದಸ್ಯನದು. ವರ್ಷ ತುಂಬುವುದರೊಳಗೆ, 1925ರ ಸೆಪ್ಟೆಂಬರಿನಲ್ಲಿ ಪಟ್ನಾದಲ್ಲಿ ಸಭೆ ಸೇರಿ, ನಾಲ್ಕಾಣೆ ಕೊಟ್ಟರೂ ಸಾಕು, ನೂಲು ಕೊಡಬೇಕೆಂದರೆ ವರ್ಷಕ್ಕೆ 2000 ಗಜ ಸಾಕು ಎಂದು ತಿದ್ದಿದರು. ಗಂಡಸಿನ ದಿನನಿತ್ಯದ ಕೆಲಸವಾಗಬೇಕಿದ್ದದ್ದು ಮತ್ತೆ ಚಂದಾ ಹಣವಾಯಿತು. ಬದನವಾಳಿನಂಥ ಕೇಂದ್ರಗಳಲ್ಲಿ ನೂಲು ತೆಗೆಯುವ ಕೈಗಳು ಬಹುತೇಕ ಹೆಂಗಸರವೇ ಆಗಿ ಉಳಿದವು.  

ಇದಕ್ಕೆ ತಿರುಗುಮುರುಗಾದ ಉದಾಹರಣೆ ದೂರದ ನಾರ್ವೆಯದು. ಅಲ್ಲಿ ಮಗು ಹುಟ್ಟಿದಾಗ ಸಿಗುವ ರಜೆಯನ್ನು ಅಪ್ಪ ಅಮ್ಮ ಹಂಚಿಕೊಳ್ಳಬಹುದು ಎಂಬ ಕಾನೂನು ಮೊದಲೇ ಇತ್ತು. ಹಂಚಿಕೊಳ್ಳುವ ಅವಕಾಶವಿದ್ದರೂ ರಜೆ ಹಾಕುವ ಅಪ್ಪಂದಿರು ನೂರಕ್ಕೆ ಐವರೂ ಇರಲಿಲ್ಲ, ರಜೆಯೆಲ್ಲ ಅಮ್ಮನ ಪಾಲಿಗೇ ಹೋಗುತ್ತಿತ್ತು. 1993ರಲ್ಲಿ ಸರ್ಕಾರ ಸಣ್ಣದೊಂದು ಬದಲಾವಣೆ ಮಾಡಿತು. ಒಟ್ಟು ರಜೆಯಲ್ಲಿ ನಾಲ್ಕು ವಾರ ಅಪ್ಪನಿಗೆ ಮಾತ್ರ. ಅವನು ತೆಗೆದುಕೊಳ್ಳದಿದ್ದರೆ ಅಮ್ಮನಿಗೂ ಸಿಗುವುದಿಲ್ಲ, ಹಾಗೆಯೇ ವ್ಯರ್ಥ. ಕೆಲವೇ ವರ್ಷಗಳಲ್ಲಿ ರಜೆ ಹಾಕುವ ಅಪ್ಪಂದಿರು ನೂರಕ್ಕೆ ಎಪ್ಪತ್ತರ ಆಸುಪಾಸಿಗೆ ಬಂದರು. ನಾರ್ವೆಯ ಗಂಡಸರಿಗೆ ಆ ಒಂದು ವರ್ಷದಲ್ಲಿ ಮಕ್ಕಳ ಮೇಲೆ ಪ್ರೀತಿ ಉಕ್ಕಿ ಬಂತೆಂದಲ್ಲ. ಪ್ರೀತಿ ಮೊದಲೂ ಇತ್ತು, ದಾಟಿಸುವ ದಾರಿ ಮುಚ್ಚಿತು ಅಷ್ಟೆ. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ ತಾಯಂದಿರ ಹೆರಿಗೆ ರಜೆ 26 ವಾರವಾಯಿತು, ಒಳ್ಳೆಯದೇ. ಅಪ್ಪನಿಗೆ ಸರ್ಕಾರಿ ನೌಕರಿ ಇದ್ದರೆ 15 ದಿನ ಸಿಗುತ್ತದೆ, ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಲೆ ದುಡಿಯುವವನಿಗೆ ಏನೂ ಇಲ್ಲ. ಮಗು ನೋಡಿಕೊಳ್ಳುವುದು ತಾಯಿಯ ಕೆಲಸ ಎಂದು ಕಾನೂನೇ ಬರೆದುಕೊಟ್ಟಂತಾಗಿದೆ. ಕಾನೂನು ಬದಲಾಗಬೇಕು ಎನ್ನುವವರ ಜೊತೆ ನಾನೂ ಇದ್ದೇನೆ. ಆದರೆ ಅದು ಬದಲಾಗುವಷ್ಟರಲ್ಲಿ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿರುತ್ತಾರೆ. ದಾಟಿಸುವ ಆ ದಾರಿಯನ್ನು ಮನೆಯ ಮಟ್ಟಿಗೆ ನಾವೇ ಮುಚ್ಚಿಕೊಳ್ಳಬೇಕಾಗಿದೆ.

ಮನೆಯಲ್ಲಿ ದಾಟುವ ದಾರಿ ಒಂದೇ ಅಲ್ಲ. ಹೆಂಡತಿಗೆ ದಾಟುವುದು ಎಲ್ಲರಿಗೂ ಕಾಣುತ್ತದೆ, ಹಿರಿ ಮಗಳಿಗೆ ದಾಟುವುದು ಅಷ್ಟಾಗಿ ಕಾಣುವುದಿಲ್ಲ. ಹೆಂಡತಿ ಗಾರ್ಮೆಂಟ್ಸಿಗೋ ನಾಟಿ ಕೆಲಸಕ್ಕೋ ಹೊರಟಾಗ ಮನೆಯೊಳಗೆ ಅವಳು ಬಿಟ್ಟ ಜಾಗವನ್ನು ತುಂಬುವವನು ಅಪ್ಪನಲ್ಲ. ಏಳನೇ ಕ್ಲಾಸಿನ ಹುಡುಗಿ ಪಾತ್ರೆ ಬೆಳಗಿ, ತಮ್ಮನಿಗೆ ತಲೆ ಬಾಚಿ, ಆಮೇಲೆ ತಾನು ಹೊರಡುತ್ತಾಳೆ. ತಮ್ಮ ಇದನ್ನು ನೋಡಿಕೊಂಡೇ ಬೆಳೆಯುತ್ತಾನೆ, ಇನ್ನಿಪ್ಪತ್ತು ವರ್ಷಕ್ಕೆ ಅವನೂ ಹೀಗೇ ಕೂರುತ್ತಾನೆ. ಮಕ್ಕಳು ಇದನ್ನೆಲ್ಲ ಎಲ್ಲಿ ಗಮನಿಸುತ್ತಾರೆ ಅನ್ನಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಏಳರಿಂದ ಹದಿಮೂರು ವರ್ಷದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿತು. ಗಂಡು ಹೆಣ್ಣು ಸಮಾನ ಎಂದು ಬಾಯಲ್ಲಿ ಹೇಳುವ ಅಪ್ಪನಿಗಿಂತ, ಮನೆಗೆಲಸದಲ್ಲಿ ನಿಜವಾಗಿ ಪಾಲು ತೆಗೆದುಕೊಳ್ಳುವ ಅಪ್ಪನ ಹೆಣ್ಣುಮಕ್ಕಳು ಮುಂದೆ ಏನಾಗಬೇಕೆಂದು ಯೋಚಿಸುವಾಗ ಹೆಣ್ಣಿಗೆಂದೇ ಮೀಸಲಾದ ಕೆಲಸಗಳ ಆಚೆಗೂ ನೋಡುತ್ತಿದ್ದರು. ಅಲ್ಲಿನ ಮಕ್ಕಳ ಮಾತು ಇಲ್ಲಿಗೆ ಪೂರ್ತಿ ಅನ್ವಯಿಸಲಿಕ್ಕಿಲ್ಲ. ಆದರೆ ಮಗಳನ್ನು ಡಾಕ್ಟರು ಮಾಡಬೇಕೆಂದು ಸಾಲ ಮಾಡಿ ಕೋಚಿಂಗಿಗೆ ಕಳಿಸುವ ಅಪ್ಪಂದಿರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ತಾನು ಉಂಡ ತಟ್ಟೆಯನ್ನು ತಾನೇ ತೊಳೆದಿಡುವುದು ಆ ಕೋಚಿಂಗಿಗಿಂತ ಅಗ್ಗದ ಪಾಠವಂತೂ ಹೌದು.

ಇನ್ನು ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. 'ಹೊಲದಲ್ಲಿ, ಫ್ಯಾಕ್ಟರಿಯಲ್ಲಿ ಇಡೀ ದಿನ ದುಡಿದು ಬಂದವನು ಮನೆಗೆ ಬಂದೂ ದುಡಿಯಬೇಕಾ?' ನ್ಯಾಯವಾದ ಪ್ರಶ್ನೆ. ಅದೇ 2024ರ ಸಮೀಕ್ಷೆ ಹೇಳುವಂತೆ, ದುಡಿಯುವ ವಯಸ್ಸಿನವರಲ್ಲಿ ಸಂಪಾದನೆಯ ಕೆಲಸಕ್ಕೆ ಹೋದ ಗಂಡಸರು ದಿನಕ್ಕೆ 473 ನಿಮಿಷ ದುಡಿದರೆ ಹೆಂಗಸರು 341 ನಿಮಿಷ ದುಡಿದರು. ಹೊರಗಿನ ದುಡಿಮೆಯಲ್ಲಿ ಗಂಡಸರದೇ ಹೆಚ್ಚು, ಸಂಶಯವಿಲ್ಲ. ಈಗ ಇದರ ಪಕ್ಕಕ್ಕೆ ಅದೇ ವಯಸ್ಸಿನ ಹೆಂಗಸರ ಮನೆಗೆಲಸದ 305 ನಿಮಿಷ ಇಡಿ. ಬೇರೆ ಬೇರೆ ಸರಾಸರಿಗಳನ್ನು ಕೂಡಿಸುವುದು ಲೆಕ್ಕಶಾಸ್ತ್ರಕ್ಕೆ ಪೂರ್ತಿ ಒಪ್ಪುವುದಿಲ್ಲ ನಿಜ, ಆದರೂ ಅಂದಾಜಿಗೆ ಸಾಕು. ಕೂಲಿಗೆ ಹೋಗಿ ಬಂದು ಮನೆಯನ್ನೂ ನೋಡಿಕೊಳ್ಳುವವಳ ದಿನ ಹತ್ತೂಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ, ಕೈಲಾದದ್ದು ಮಾಡುವ ಗಂಡಸಿನದು ಒಂಬತ್ತೂವರೆ ಗಂಟೆ ದಾಟುವುದಿಲ್ಲ, ಏನೂ ಮಾಡದವನದು ಎಂಟು ಗಂಟೆಗೇ ಮುಗಿಯುತ್ತದೆ. ನರೇಗಾ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಕೂಲಿ ಒಂದೇ, 2025-26ರಲ್ಲಿ ನಮ್ಮ ರಾಜ್ಯದಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಇಬ್ಬರೂ ಒಟ್ಟಿಗೆ ಕೆರೆ ಹೂಳು ತೆಗೆದು, ಇಬ್ಬರೂ ಒಂದೇ ಕೂಲಿ ಎಣಿಸಿಕೊಂಡು ಬರುತ್ತಾರೆ. ಬಂದಮೇಲೆ ಒಬ್ಬರು ಕಾಲು ತೊಳೆದು ಕೂರುತ್ತಾರೆ, ಇನ್ನೊಬ್ಬರು ಒಲೆ ಹಚ್ಚುತ್ತಾರೆ. ಹೆಂಡತಿ ಹೊರಗೆ ಹೋಗದ ಮನೆಯಲ್ಲಿ ಕೆಲಸ ಸಮಪಾಲಾಗಬೇಕು ಅಂತ ನಾನು ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಒಂದು ಕೆಲಸ.

'ನಮಗೆ ಆ ಕೆಲಸ ಬರಲ್ಲ' ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಾರಿಹಬ್ಬದ ದಿನ ಮರಿ ಕಡಿದು, ಸುಟ್ಟು, ಕೊಯ್ದು, ಹಂಡೆಗಟ್ಟಲೆ ಸಾರು ಕಾಯಿಸುವವರು ಯಾರು? ಪರ ಮಾಡಿದಾಗ ಕೊಪ್ಪರಿಗೆಯಲ್ಲಿ ಅನ್ನ ಬಸಿಯುವವರು ಯಾರು? ಸುತ್ತೂರು ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನಕ್ಕೆ ಬಡಿಸುವ ಕೈಗಳಲ್ಲಿ ಗಂಡಸರ ಕೈ ಎಷ್ಟು? ಮದುವೆ ಮನೆಯ ಅಡುಗೆ ಭಟ್ಟರು, ನಂಜನಗೂಡಿನ ಹೋಟೆಲುಗಳ ಮಾಸ್ಟರುಗಳು, ಬಟ್ಟೆ ಹೊಲಿಯುವವರು, ಇಸ್ತ್ರಿ ಮಾಡುವವರು ಬಹುಪಾಲು ಗಂಡಸರೇ. ದುಡ್ಡು ಬಂದರೆ, ಇಲ್ಲವೇ ನಾಲ್ಕು ಜನ ನೋಡಿ ಭೇಷ್ ಅಂದರೆ ಅಡುಗೆ ಗಂಡಸಿನ ವಿದ್ಯೆ. ದಿನಾ ಮಾಡಬೇಕು, ಯಾರೂ ಹೊಗಳಲ್ಲ ಅಂದಾಗ ಅದು ಹೆಂಗಸಿನ ಧರ್ಮ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. 'ನಾವು ಮಾಡ್ತೀವಿ ಅಂದ್ರೂ ಅವ್ಳೇ ಬುಡಕ್ಕಿಲ್ಲ, ಅಡುಗೆ ಮನೆಗೆ ಬಂದ್ರೆ ನಮ್ಮವ್ವನೇ ಬೈತಾಳೆ.' ಇದನ್ನು ನೆಪ ಅಂತ ತಳ್ಳಿಹಾಕಲಾಗದು, ಬಹಳ ಮನೆಗಳಲ್ಲಿ ಇದು ನಿಜ. ಆದರೆ ಯಾಕೆ ಬಿಡುವುದಿಲ್ಲ ಅಂತ ಯೋಚಿಸಬೇಕು. ಪಹಣಿ ಅಪ್ಪನ ಹೆಸರಲ್ಲಿ, ಟ್ರ್ಯಾಕ್ಟರು ಮಗನ ಹೆಸರಲ್ಲಿ, ಬೆಳೆ ಮಾರಿದ ದುಡ್ಡು ಗಂಡನ ಜೇಬಿನಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಕಾನೂನು ಬಂದು ಮೂವತ್ತು ವರ್ಷ ಕಳೆದರೂ ನಮ್ಮ ಕಡೆ ಪಾಲು ಕೇಳಿದ ಅಕ್ಕತಂಗಿಯರ ಜೊತೆ ಮಾತು ಬಿಟ್ಟವರೆಷ್ಟು ಎಂಬುದು ನಿಮಗೇ ಗೊತ್ತು. ಇಂಥ ಮನೆಯಲ್ಲಿ ಹೆಂಗಸಿನ ಮಾತು ನಡೆಯುವ ಜಾಗವೆಂದರೆ ಅಡುಗೆ ಮನೆ ಒಂದೇ. ಅಲ್ಲಿಗೂ ನಾವು ಕಾಲಿಟ್ಟು, ಉಪ್ಪು ಜಾಸ್ತಿ ಎಣ್ಣೆ ಜಾಸ್ತಿ ಅಂತ ಯಜಮಾನಿಕೆ ಶುರು ಮಾಡಿದರೆ ಅವಳಿಗೆ ಉಳಿಯುವುದೇನು? ಆದ್ದರಿಂದ ಇದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಾಗಬೇಕು. ಅವಳ ಕೆಲಸದಲ್ಲಿ ಪಾಲು ತೆಗೆದುಕೊಳ್ಳುವವನು ತನ್ನ ಲೆಕ್ಕದ ಪುಸ್ತಕವನ್ನೂ ತೆರೆದಿಡಬೇಕು. 2023ರಲ್ಲಿ ಗೃಹಲಕ್ಷ್ಮಿ ಶುರುವಾಗಿ ತಿಂಗಳಿಗೆ 2000 ರೂಪಾಯಿ ಮನೆಯೊಡತಿಯ ಖಾತೆಗೆ ಬರತೊಡಗಿದಾಗ ನಮ್ಮ ಟೀ ಅಂಗಡಿಗಳಲ್ಲಿ ಎಷ್ಟು ಗೊಣಗಾಟ ಕೇಳಿಸಿತು! ಅದೇ ಹೆಂಗಸರ ಹೆಸರಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆದು, ಬೋರ್‌ವೆಲ್ಲಿಗೂ ಬೈಕಿಗೂ ಹಾಕಿ, ವಾರವಾರ ಕಂತಿಗೆ ಬಂದವನ ಮುಂದೆ ಅವಳನ್ನು ನಿಲ್ಲಿಸಿದಾಗ ಆ ಗೊಣಗಾಟ ಇರಲಿಲ್ಲ. 2025ರ ಆರಂಭದಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಿಂದ ಸಾಲದ ಕಿರುಕುಳಕ್ಕೆ ಮನೆ ಬಿಟ್ಟು ಹೋದವರ ಸುದ್ದಿ ಪತ್ರಿಕೆಗಳಲ್ಲಿ ಬಂತು, ಆ ಕಿರುಕುಳ ತಡೆಯಲು ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆಯ ಸಾಲದ ಪಟ್ಟಿ, ಕಂತಿನ ದಿನ, ಬಾಕಿ ಎಷ್ಟು, ಇದನ್ನು ಪೂರ್ತಿ ತಾನು ಹೊತ್ತುಕೊಂಡು ವಸೂಲಿಗೆ ಬಂದವನ ಮುಂದೆ ತಾನೇ ನಿಲ್ಲುವುದು ಕೂಡ ಒಬ್ಬ ಅಪ್ಪನ ಬದಲಾವಣೆಯೇ. ಬದಲಾವಣೆ ಎಂದರೆ ಸೌಟು ಹಿಡಿಯುವುದು ಮಾತ್ರ ಅಲ್ಲ. ಇಷ್ಟಾದ ಮೇಲೂ ಅವ್ವ ಬೈದರೆ ಬೈಯಲಿ. ಬೇರೆ ಎಷ್ಟೋ ವಿಷಯಕ್ಕೆ ಅವಳು ಬೈದಾಗ ನಾವು ಕಿವಿಗೆ ಹಾಕಿಕೊಂಡವರಲ್ಲ.

ಊರವರು ನಗುತ್ತಾರೆ, 'ಅಮ್ಮಾವ್ರ ಗಂಡ' ಅಂತಾರೆ ಎಂಬ ಭಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ನಗುತ್ತಾರೆ, ನಿಜ. ಮೊದಲು ಬೈಕಿನಲ್ಲಿ ಮಗುವನ್ನು ಎದೆಗೆ ಕಟ್ಟಿಕೊಂಡು ಹೋದವನನ್ನು ನೋಡಿಯೂ ನಕ್ಕಿದ್ದರು. ಈಗ ಯಾರೂ ತಿರುಗಿ ನೋಡುವುದಿಲ್ಲ.

ಇನ್ನು ಕೆಲವರು ಇನ್ನೊಂದು ಕಡೆಯಿಂದ ಕೇಳುತ್ತಾರೆ, ಅವರಲ್ಲಿ ಹೆಂಗಸರೇ ಹೆಚ್ಚು: ಕುಡಿದು ಬಂದು ಹೊಡೆಯುವ ಗಂಡಸರಿರುವ ಊರಿನಲ್ಲಿ ಪಾತ್ರೆ ತೊಳೆಯುವ ಮಾತು ಎಂಥದ್ದು? ಅವರ ಸಿಟ್ಟಿಗೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಹೊಡೆತ ಒಂದೇ ಸಲಕ್ಕೆ ಇಮ್ಮಡಿಯಾಯಿತೋ ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಯಾವುದೇ ಇರಲಿ, ನೂರರಲ್ಲಿ ನಲವತ್ತನಾಲ್ಕು ಎಂಬುದು ಯಾವುದೋ ಒಂದು ಕೇರಿಯ, ಯಾವುದೋ ಒಂದು ಜಾತಿಯ, ಕುಡುಕರ ಕತೆಯಾಗಿ ಉಳಿಯುವ ಸಂಖ್ಯೆಯಲ್ಲ. ಸಣ್ಣ ಬದಲಾವಣೆ ಇದಕ್ಕೆ ಔಷಧಿಯಲ್ಲ. ಕೈ ಎತ್ತುವವನಿಗೆ ಇನ್ನೊಂದು ಕಡೆ ಪಾತ್ರೆ ತೊಳೆದದ್ದಕ್ಕೆ ರಿಯಾಯಿತಿ ಇಲ್ಲ. ಅವನು ಮೊದಲು ಕೈ ಇಳಿಸಬೇಕು, ಇಳಿಸದಿದ್ದರೆ ಪೊಲೀಸು, ಕೋರ್ಟು ಇವೆ, ಇರಬೇಕು. ನಾನು ಬರೆಯುತ್ತಿರುವುದು ಹೊಡೆಯದ ಗಂಡಸರಿಗೆ. ಹೊಡೆಯುವುದಿಲ್ಲ, ಕುಡಿಯುವುದಿಲ್ಲ, ದುಡಿದು ತಂದು ಹಾಕುತ್ತೇನೆ, ಇನ್ನೇನು ಬೇಕು ಎನ್ನುವವರಿಗೆ. ನಮ್ಮ ಕಡೆ ಒಳ್ಳೆಯ ಗಂಡ, ಒಳ್ಳೆಯ ಅಪ್ಪ ಎನಿಸಿಕೊಳ್ಳಲು ಕೆಟ್ಟದ್ದು ಮಾಡದಿದ್ದರೆ ಸಾಕು. ಒಳ್ಳೆಯ ಅಮ್ಮ ಎನಿಸಿಕೊಳ್ಳಲು ಎಷ್ಟು ಮಾಡಿದರೂ ಸಾಲದು. ಈ ಎರಡು ಅಳತೆಗೋಲುಗಳ ನಡುವಿನ ಅಂತರ ಎಲ್ಲರಿಗಿಂತ ಹೆಚ್ಚು ಅನುಕೂಲವಾಗಿರುವುದು ನಮ್ಮಂಥ ಒಳ್ಳೆಯವರಿಗೇ.

ಆದ್ದರಿಂದ ಕೇಳಿಕೊಳ್ಳುವುದಿಷ್ಟೆ. ಮನೆಯ ಒಂದು ಕೆಲಸ ಆರಿಸಿಕೊಳ್ಳಿ. ರಾತ್ರಿ ಊಟದ ಪಾತ್ರೆಯಾದರೂ ಆಗಲಿ, ಮಕ್ಕಳನ್ನು ಎಬ್ಬಿಸಿ ಸ್ಕೂಲಿಗೆ ಹೊರಡಿಸುವುದಾದರೂ ಆಗಲಿ, ವಯಸ್ಸಾದ ತಂದೆತಾಯಿಯ ಮಾತ್ರೆ ಆಸ್ಪತ್ರೆಯಾದರೂ ಆಗಲಿ. ಅದರ ತುದಿಯಿಂದ ಬುಡದವರೆಗೆ ನಿಮ್ಮದು. ಸೋಪು ಮುಗಿಯಿತೆಂದು ಗಮನಿಸುವುದು, ತರುವುದು, ಮಾಡುವುದು, ಸರಿಯಾಯಿತೋ ನೋಡುವುದು ಎಲ್ಲವೂ. ನೀವು ಮಾಡದ ದಿನ ಆ ಕೆಲಸ ಹಾಗೇ ಬಿದ್ದಿರಲಿ, ಹೆಂಡತಿಯೋ ಮಗಳೋ ಅದನ್ನು ಎತ್ತಿಕೊಳ್ಳಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಬೆಳಗಾವಿಯ ನಿಯಮದಲ್ಲಿದ್ದ ಕಿಂಡಿ ಇಲ್ಲಿ ಬೇಡ. ಇದನ್ನು ಯಾರಿಗೂ ಹೇಳಿಕೊಳ್ಳಬೇಡಿ, ಸ್ಟೇಟಸ್ಸಿಗಂತೂ ಹಾಕಲೇಬೇಡಿ. ಅದರ ಜೊತೆಗೆ ಒಂದು ಊರೊಟ್ಟಿನ ಮಾತು. ಸ್ಕೂಲಿನಲ್ಲಿ ಪೋಷಕರ ಸಭೆ ಎಂದಾಗ ಬೆಂಚುಗಳ ಮೇಲೆ ಅಮ್ಮಂದಿರೇ ತುಂಬಿರುತ್ತಾರೆ, ಎಸ್‌ಡಿಎಂಸಿ ಅಧ್ಯಕ್ಷಗಿರಿಗೆ ಚುನಾವಣೆ ಬಂದಾಗ ಮಾತ್ರ ಅಪ್ಪಂದಿರು ನೆರೆಯುತ್ತಾರೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಅಂತ ತಮ್ಮ ಕಷ್ಟ ಹೇಳಿಕೊಳ್ಳುವ ಸಭೆ ಅದು. ಈ ಸಲ ತಗಡೂರಿನಲ್ಲಿ ಆ ಸಭೆ ಕರೆದ ದಿನ ಅರ್ಧ ದಿನದ ಕೂಲಿ ಹೋದರೆ ಹೋಗಲಿ, ನೀವು ಬನ್ನಿ. ಹೆಂಡತಿಯನ್ನು ಕಳಿಸಬೇಡಿ.

ಇಂತಿ,
ನಿಮ್ಮಲ್ಲೊಬ್ಬ ಅಪ್ಪ